ಸುಂಕದ ಚಾವಡಿ ಹೋಯಿತು, ದಾರಿಯ ಋಣ ಉಳಿಯಿತು

ಚೆನ್ನೈ ನಗರದ ಅಡ್ಯಾರಿನಲ್ಲಿ ಮಧ್ಯಕೈಲಾಸವೆಂಬ ದೇವಾಲಯವಿದೆ. ಅಲ್ಲಿಂದ ದಕ್ಷಿಣಾಭಿಮುಖವಾಗಿ ಹೊರಟು ತರಮಣಿ, ಪೆರುಂಗುಡಿ, ಶೋಳಿಂಗನಲ್ಲೂರು, ನಾವಲೂರು, ಸಿರುಸೇರಿ, ಕೇಳಂಬಾಕ್ಕಂಗಳನ್ನು ಹಾದು ಮಹಾಬಲಿಪುರವನ್ನು ಮುಟ್ಟುವ ಸುಮಾರು 45 ಕಿಲೋಮೀಟರಿನ ಹಾದಿಯೇ ರಾಜ್ಯ ಹೆದ್ದಾರಿ 49ಎ. ಸರಕಾರದ ಕಾಗದಪತ್ರಗಳಲ್ಲಿ ಅದು ರಾಜೀವ್ ಗಾಂಧಿ ಸಾಲೈ. ಜನರ ಬಾಯಲ್ಲಿ ಹಳೆಯ ಮಹಾಬಲಿಪುರ ರಸ್ತೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮವರಲ್ಲಿ ಈ ರಸ್ತೆಯ ಇಕ್ಕೆಲಗಳಲ್ಲಿ ದೋಸೆಯ ಕಾವಲಿಯ ಮುಂದೆಯೋ ಲೆಕ್ಕದ ಮೇಜಿನ ಹಿಂದೆಯೋ ದಿನ ಕಳೆಯುವವರು ಉಂಟು. ಲೇಖನಿ ಹಿಡಿಯುವ ಮೊದಲು ನಾವೂ ಕೆಲವು ವರ್ಷ ಇಲ್ಲಿಯೇ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರು. ಆದುದರಿಂದ ಈ ದಾರಿಯ ವಿಷಯವಾಗಿ ನಾಲ್ಕು ಮಾತು ಹೇಳುವ ಅಧಿಕಾರ ನಮಗಿದೆಯೆಂದು ಭಾವಿಸುತ್ತೇವೆ.

ಈ ರಸ್ತೆಗೂ ಸಮುದ್ರ ತೀರದ ರಸ್ತೆಗೂ ನಡುವೆ ಒಂದು ಕಾಲುವೆ ಹರಿಯುತ್ತದೆ. ಬಕಿಂಗ್‌ಹ್ಯಾಮ್ ಕಾಲುವೆಯೆಂದು ಅದರ ಹೆಸರು. 1806ರಲ್ಲಿ ಮದರಾಸಿನ ಉತ್ತರಕ್ಕೆ ಆರಂಭವಾದ ಈ ಕಾಲುವೆಯನ್ನು, 1876-78ರ ಘೋರ ಕ್ಷಾಮದಲ್ಲಿ ಹಸಿದವರಿಗೆ ಕೂಲಿ ಒದಗಿಸುವ ಸಲುವಾಗಿ ಅಡ್ಯಾರು ಮತ್ತು ಕೂವಂ ನದಿಗಳ ನಡುವೆಯೂ ತೋಡಿಸಿ, ಆಗಿನ ಗವರ್ನರರ ಹೆಸರಿನಿಂದ ಕರೆದರು. ಒಂದಾನೊಂದು ಕಾಲದಲ್ಲಿ ಮದರಾಸಿಗೆ ಉಪ್ಪು, ಸೌದೆ, ಧಾನ್ಯ ಬರುತ್ತಿದ್ದುದು ಈ ಜಲಮಾರ್ಗದಿಂದ. ಕಾಲಕ್ರಮದಲ್ಲಿ ದೋಣಿಯ ದಾರಿ ಸೊರಗಿತು. ನಗರದೊಳಗೆ ಅದರ ಒಡಲಿನಲ್ಲಿಯೇ ರೈಲಿನ ಕಂಬಗಳು ಎದ್ದವು. ಬಡವನ ಬೆವರಿನಿಂದಾದ ದಾರಿಗೆ ದೊರೆಯ ಹೆಸರು ಬರುವುದು ಹೊಸತಲ್ಲ. ಬೆವರು ಸುರಿಸಿದವನನ್ನು ದಾರಿಯು ಮರೆಯುವುದೂ ಹೊಸತಲ್ಲ.

ನೆಲದ ದಾರಿಗೆ ಶುಕ್ರದೆಸೆ ಬಂದುದು 2000ದಲ್ಲಿ, ತರಮಣಿಯಲ್ಲಿ ಟೈಡೆಲ್ ಪಾರ್ಕ್ ಎಂಬ ಮಹಾಸೌಧ ತೆರೆದಾಗ. ಗಣಕಯಂತ್ರದ ಉದ್ಯೋಗಗಳು ಒಂದರ ಹಿಂದೊಂದು ದಕ್ಷಿಣಕ್ಕೆ ಸಾಗಿದವು. 2008ರಲ್ಲಿ ಸಿರುಸೇರಿಯವರೆಗಿನ ಸುಮಾರು 20 ಕಿಲೋಮೀಟರ್ ಆರು ಸಾಲಿನ ಹೆದ್ದಾರಿಯಾಯಿತು. ಅದೇ 2008ರಲ್ಲಿ ನಗರದ ಕೆಥೀಡ್ರಲ್ ರಸ್ತೆಯಲ್ಲಿ, ಉಡುಪಿಯ ಕಡೆಯಿಂದ ಬಂದ ಕೆ. ಕೃಷ್ಣರಾಯರು 1962ರಲ್ಲಿ ತೆರೆದಿದ್ದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಬಾಗಿಲು ಮುಚ್ಚಿತು. ಮರದ ನೆರಳಿನಲ್ಲಿ ಕಾರು ನಿಲ್ಲಿಸಿದವರಿಗೆ ಮಾಣಿಗಳು ಕಾರಿನ ಬಳಿಗೇ ಇಡ್ಲಿ ಕಾಫಿ ಒಯ್ದು ಕೊಡುತ್ತಿದ್ದ ಸ್ಥಳವದು. ವಾಹನವು ನಿಲ್ಲುತ್ತಿದ್ದ ಕಾಲ ಮುಗಿದು, ನಿಲ್ಲದೆ ಓಡುವ ಕಾಲ ಬಂದಿತೆಂದು ನಮ್ಮ ಹೋಟೆಲು ಮಂದಿಗೆ ಅಂದು ತೋರಿದುದು ಸಹಜ.

ಪೆರುಂಗುಡಿಗೆ ಮುಂಚೆ ಕಂದನ್‌ಚಾವಡಿಯೆಂಬ ಊರಿದೆ. ಚಾವಡಿಯೆಂದರೆ ದಾರಿಹೋಕರು ದಣಿವಾರಿಸಿಕೊಳ್ಳುವ ಸ್ಥಳ. ನಮ್ಮ ಮನೆಗಳಲ್ಲಿ ಬಂದವರನ್ನು ಕುಳ್ಳಿರಿಸುವ ಜಗಲಿಗೂ ಅದೇ ಹೆಸರು. ತಮಿಳರು ಟೋಲ್ ಕಟ್ಟೆಗೂ ‘ಸುಂಗಚ್ಚಾವಡಿ’ಯೆನ್ನುತ್ತಾರೆ, ನಮ್ಮ ಸುಂಕವೇ ಅವರ ಸುಂಗಂ. ಒಂದು ಚಾವಡಿ ಕುಳ್ಳಿರಿಸಿ ನೀರು ಕೊಡುತ್ತದೆ, ಇನ್ನೊಂದು ತಡೆದು ನಿಲ್ಲಿಸಿ ಹಣ ಕೇಳುತ್ತದೆ. ಸುಂಕದವನ ಮುಂದೆ ಸುಖದುಃಖ ಹೇಳಿ ಫಲವಿಲ್ಲವೆಂಬ ಗಾದೆಯನ್ನು ಈ ರಸ್ತೆಯ ನಿವಾಸಿಗಳು ವರ್ಷಗಟ್ಟಲೆ ಅನುಭವಿಸಿದರು. ದಿನವೂ ಹೋಗಿಬರುವ ದಾರಿಗೆ ದಿನವೂ ಸುಂಕ ತೆರಬೇಕೇ ಎಂಬುದು ಅವರ ಪ್ರಶ್ನೆ. ಕೊನೆಗೆ 2021ರ ಆಗಸ್ಟ್ 30ರಂದು ನಗರದೊಳಗಿನ ನಾಲ್ಕು ಚಾವಡಿಗಳೂ, 2023ರ ಅಕ್ಟೋಬರಿನಲ್ಲಿ ನಾವಲೂರಿನದೂ ಸುಂಕವೆತ್ತುವುದನ್ನು ನಿಲ್ಲಿಸಿದವು. ಗಾಡಿಯವರು ಸಂತೋಷಪಟ್ಟರು, ಪಡಬೇಕಾದುದೇ. ಆದರೆ ಕಾಲ್ನಡಿಗೆಯವನು ತೆರುವ ಸುಂಕ ನಿಂತಿದೆಯೇ?

ಇಲ್ಲಿ ನಮ್ಮ ಸ್ವಂತದೊಂದು ತಪ್ಪನ್ನು ಹೇಳಬೇಕಾಗಿದೆ. ರಾತ್ರಿ ಪಾಳಿ ಮುಗಿಸಿ ಬರುವ ಗಿರಾಕಿಗಳ ಆಸೆಗೆ ನಾವು ಹೋಟೆಲನ್ನು ಹನ್ನೊಂದರವರೆಗೆ ತೆರೆದಿಡುತ್ತಿದ್ದೆವು. ಗಲ್ಲಾ ತುಂಬುತ್ತಿತ್ತು. ಪಾತ್ರೆ ತೊಳೆದು, ನೆಲ ಒರಸಿ ಹುಡುಗರು ಹೊರಬೀಳುವ ಹೊತ್ತಿಗೆ ಕೊನೆಯ ಬಸ್ಸಿನ ಸಮಯ. ಬಸ್ಸಿನ ನಿಲ್ದಾಣ ರಸ್ತೆಯ ಆಚೆ ಬದಿಯಲ್ಲಿ. ದಾಟುವ ಸ್ಥಳ ಬಹು ದೂರ. ಒಂದು ರಾತ್ರಿ ನಮ್ಮ ಮಾಣಿಯೊಬ್ಬ ನಡುವಿನ ಕಟ್ಟೆ ಹಾರಿ ಇಳಿಯುವಾಗ ಕಾರೊಂದು ಬಡಿದು, ನಿಲ್ಲದೆ ಹೋಯಿತು. ಕಾಲಿನ ಎಲುಬು ಮುರಿದಿತ್ತು. ಆಸ್ಪತ್ರೆಯಲ್ಲಿ ಅವನು ನಮ್ಮನ್ನು ಕಂಡು, “ಧನಿಗಳೇ, ಬಸ್ಸು ಹೋದೀತೆಂದು ಓಡಿದೆ” ಎಂದು ತಾನೇ ತಪ್ಪು ಮಾಡಿದವನಂತೆ ತಲೆ ತಗ್ಗಿಸಿದ. ತಲೆ ತಗ್ಗಿಸಬೇಕಾದವರು ನಾವಾಗಿದ್ದೆವು. ಮರುದಿನದಿಂದ ಹತ್ತಕ್ಕೆ ಒಲೆ ಆರಿಸಿದೆವು. ವ್ಯಾಪಾರ ಸ್ವಲ್ಪ ಇಳಿಯಿತು. ಆದರೆ ಹತ್ತಕ್ಕೆ ಆರಿಸಬಹುದಾದ ಒಲೆಯನ್ನು ಅಷ್ಟು ದಿನ ಹನ್ನೊಂದರವರೆಗೆ ಉರಿಸಿದ್ದೇಕೆಂಬ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಆ ಹುಡುಗ ಆರು ತಿಂಗಳ ಮೇಲೆ ಕೆಲಸಕ್ಕೆ ಬಂದ. ಮೊದಲಿನಂತೆ ಒಂದು ಕೈಯಲ್ಲಿ ನಾಲ್ಕು ತಟ್ಟೆ ಹಿಡಿದು ಓಡುವುದು ಅವನಿಂದಾಗಲಿಲ್ಲ. ಗಲ್ಲಾದಲ್ಲಿ ಕುಳ್ಳಿರಿಸಿದೆವು.

ನೀರೂ ಈ ರಸ್ತೆಯಲ್ಲಿ ತನ್ನ ಸುಂಕವನ್ನು ಕೇಳುತ್ತದೆ. ಪಳ್ಳಿಕರಣೈಯ ಜೌಗು ಭೂಮಿ ಹೆದ್ದಾರಿಯ ಪಶ್ಚಿಮದ ಮಗ್ಗುಲಲ್ಲೇ ಇದೆ. ಮಳೆನೀರು ತಂಗುವ ಆ ತಗ್ಗಿನ ಮೇಲೆ ಮಣ್ಣು, ಕಸ, ಕಟ್ಟಡ ಹೇರಿದ್ದರ ಫಲವನ್ನು 2015ರ ಡಿಸೆಂಬರಿನ ನೆರೆಯಲ್ಲಿ ಕಂಡೆವು. 2022ರಲ್ಲಿ ಅದು ರಾಮ್‌ಸಾರ್ ಪಟ್ಟಿಗೆ ಸೇರಿದುದು ಸಮಾಧಾನದ ಸಂಗತಿ. ಉಳಿದುದನ್ನಾದರೂ ಉಳಿಸಿಕೊಂಡರೆ ಲೇಸು.

ಈ ಹೆದ್ದಾರಿಯುದ್ದಕ್ಕೂ ಸಿರುಸೇರಿಯವರೆಗೆ ಮೆಟ್ರೋ ರೈಲಿನ ಯೋಜನೆಯಿದೆ. ಬರಲಿ, ಸ್ವಾಗತ. ಆದರೆ ಮೇಲೆ ರೈಲು ಓಡಿದ ಮಾತ್ರಕ್ಕೆ ಕೆಳಗೆ ನಡೆಯುವವನ ಹೊಣೆ ತೀರದು. ಗಾಡಿಯವನ ಸುಂಕವನ್ನು ಮನ್ನಾ ಮಾಡಿದ ಸರಕಾರವು ನಡೆಯುವವನಿಗೆ ಕಾಲುದಾರಿ, ದಾಟಲು ಹತ್ತಿರದ ಸ್ಥಳ, ರಾತ್ರಿಯ ಬಸ್ಸು, ನಿಲ್ದಾಣದಲ್ಲೊಂದು ದೀಪ, ಇಷ್ಟನ್ನು ಕೊಡಬೇಕು. ಹೋಟೆಲಿನ ಧನಿಗಳಲ್ಲಿ ನಮ್ಮದೊಂದು ಬಿನ್ನಹ: ಅಂಗಡಿಯ ಬಾಗಿಲು ಹಾಕುವ ಹೊತ್ತನ್ನು ಕೊನೆಯ ಗಿರಾಕಿಯನ್ನು ನೋಡಿ ಗೊತ್ತುಮಾಡದೆ ಕೊನೆಯ ಬಸ್ಸನ್ನು ನೋಡಿ ಗೊತ್ತುಮಾಡಿರಿ. ಹುಡುಗರಲ್ಲಿ ಇನ್ನೊಂದು: ಬಸ್ಸು ತಪ್ಪಿದರೆ ತಪ್ಪಲಿ, ಓಡಬೇಡಿರಿ. ಊರಿನಲ್ಲಿ ನಿಮ್ಮ ಮನಿಯಾರ್ಡರಿಗಿಂತ ನಿಮ್ಮ ಬರವನ್ನೇ ಕಾಯುವವರಿದ್ದಾರೆ.