ಶೇಂಗಾದಲ್ಲಿ ಕೊಲೆಸ್ಟರಾಲ್ ಇದೆಯೇ?

ಕೊಲೆಸ್ಟರಾಲಿಗೆ ಹೆದರಿ, ಮನೆಯಲ್ಲಿ ಬೆಳೆದ ಶೇಂಗಾ ಮಾರಿ, 'ಕೊಲೆಸ್ಟರಾಲ್ ರಹಿತ' ಎಂದು ಅಚ್ಚು ಹಾಕಿದ ಎಣ್ಣೆಯನ್ನು ಪೇಟೆಯಿಂದ ತರುವ ರೈತರಿದ್ದಾರೆ. ಇದು ದಂಡದ ಖರ್ಚು. ಮೇಣದಂತಹ ಈ ವಸ್ತು ಮಾಂಸ, ಮೊಟ್ಟೆ, ಹಾಲು, ತುಪ್ಪ ಮುಂತಾದ ಪ್ರಾಣಿಜನ್ಯ ಆಹಾರಗಳಲ್ಲಿರುತ್ತದೆ. ಶೇಂಗಾ, ಎಳ್ಳು, ಕುಸುಬೆ ಎಣ್ಣೆಗಳಲ್ಲಿ ಇಲ್ಲವೆಂದೇ ಹೇಳಬೇಕು.

ರಕ್ತದಲ್ಲಿರುವ ಕೊಲೆಸ್ಟರಾಲಿನ ಬಹುಪಾಲನ್ನು ನಮ್ಮ ಪಿತ್ತಜನಕಾಂಗವೇ ತಯಾರಿಸುತ್ತದೆ. ಅದು ಮಿತಿಮೀರಿದರೆ ರಕ್ತನಾಳಗಳ ಒಳಗೋಡೆಗೆ ಅಂಟಿ ಹೃದಯಾಘಾತಕ್ಕೆ ದಾರಿಯಾಗುತ್ತದೆ. ಇದನ್ನು ಏರಿಸುವುದರಲ್ಲಿ ನಾವು ತಿಂದ ಕೊಲೆಸ್ಟರಾಲಿಗಿಂತ ಪರ್ಯಾಪ್ತ ಕೊಬ್ಬಿನ ಪಾತ್ರವೇ ಹೆಚ್ಚು. ಚಳಿಗೆ ಗಟ್ಟಿಯಾಗುವ ತುಪ್ಪ, ಮಾಂಸದ ಕೊಬ್ಬು, ತೆಂಗಿನೆಣ್ಣೆಗಳಲ್ಲಿ ಇದು ಅಧಿಕ. ತೆಂಗಿನೆಣ್ಣೆಯೂ ಕೊಲೆಸ್ಟರಾಲ್ ರಹಿತವೇ ಎಂಬುದನ್ನು ಗಮನಿಸಿ! ವನಸ್ಪತಿಯ ಟ್ರಾನ್ಸ್ ಕೊಬ್ಬು ಇನ್ನೂ ಕೆಟ್ಟದ್ದು. 2022ರಿಂದ ಕಾನೂನು ಅದನ್ನು ಶೇ. 2ಕ್ಕೆ ಮಿತಗೊಳಿಸಿದೆ.

ಒಂದು ಮೊಟ್ಟೆಯಲ್ಲಿ ಸುಮಾರು 200 ಮಿ.ಗ್ರಾಂ ಕೊಲೆಸ್ಟರಾಲಿದೆ, ಅಷ್ಟೂ ಹಳದಿ ಭಾಗದಲ್ಲಿ. ಆರೋಗ್ಯವಂತರು ದಿನಕ್ಕೊಂದು ತಿನ್ನಲು ಅಂಜಬೇಕಿಲ್ಲ. ಸಕ್ಕರೆ ಕಾಯಿಲೆ, ಹೃದ್ರೋಗ ಇದ್ದವರು ವೈದ್ಯರನ್ನು ಕೇಳುವುದು ಲೇಸು.

ಹುರುಳಿ, ಅವರೆ, ಮೆಂತ್ಯಗಳನ್ನು ದಿನವೂ ಬಳಸಿರಿ. ಇವುಗಳ ಕರಗುವ ನಾರು ಪಿತ್ತರಸವನ್ನು ಹಿಡಿದು ಮಲದೊಡನೆ ಹೊರಹಾಕುತ್ತದೆ. ಹೊಸ ಪಿತ್ತರಸ ತಯಾರಿಸಲು ಪಿತ್ತಜನಕಾಂಗವು ರಕ್ತದ ಕೊಲೆಸ್ಟರಾಲನ್ನೇ ಎಳೆದುಕೊಳ್ಳುತ್ತದೆ. ಶೇಂಗಾ ಎಣ್ಣೆಯನ್ನಾದರೂ ಕೈ ಬಿಗಿಹಿಡಿದೇ ಸುರಿಯಿರಿ. ಬಜ್ಜಿ ಕರಿದು ಉಳಿದ ಎಣ್ಣೆಯಲ್ಲಿ ಮತ್ತೆ ಮತ್ತೆ ಕರಿಯಬೇಡಿ.