ಕೆಂಪುಹೊಳೆಯ ಕಪ್ಪೆಗಳು

2024ರ ಗೌರಿಹಬ್ಬದ ದಿನ, ಪಡುವಣಕ್ಕೆ ಹರಿಯುವ ಘಟ್ಟದ ಹಳ್ಳಗಳ ನೀರನ್ನು ಮೂಡಣದ ಬಯಲುಸೀಮೆಗೆ ಎತ್ತಿ ಒಯ್ಯುವ ಎತ್ತಿನಹೊಳೆ ಯೋಜನೆಯ ಪಂಪುಗಳು ಶುರುವಾದವು. ಆಗ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಈ ಪುಟ್ಟ ಹಳ್ಳಗಳಲ್ಲಿ 24 ಟಿಎಂಸಿ ನೀರು ಸಿಕ್ಕೀತೇ? ನನಗೂ ಅನುಮಾನವೇ. ಆದರೆ ಆ ನೀರಲ್ಲಿ ಯಾರ‍್ಯಾರು ಬದುಕಿದ್ದಾರೆ ಎಂದು ಕೇಳಿದವರು ಕಡಿಮೆ.

ಸಕಲೇಶಪುರದ ಹೇಮಾವತಿ, ಆಲೂರು ಕಡೆಯ ವಾಟೆಹೊಳೆ ಎರಡರ ನೀರೂ ಕೊನೆಗೆ ಕಾವೇರಿಗೇ. ದೋಣಿಗಾಲ್ ದಾಟಿ ಶಿರಾಡಿ ಘಾಟಿ ಇಳಿಯತೊಡಗಿದರೆ ನೀರಿನ ಮುಖ ಪಡುವಣಕ್ಕೆ. ಎತ್ತಿನಹೊಳೆ, ಕೆಂಪುಹೊಳೆಗಳೆಲ್ಲ ಗುಂಡ್ಯ ಹೊಳೆಯಾಗಿ ಕುಮಾರಧಾರೆಗೆ ಬಿದ್ದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತವೆ.

ಈ ಕೆಂಪುಹೊಳೆಯನ್ನು ಪ್ರಾಣಿಶಾಸ್ತ್ರದ ಪುಸ್ತಕಕ್ಕೆ ಸೇರಿಸಿದವರು ಬೆಂಗಳೂರು ಸೆಂಟ್ರಲ್ ಕಾಲೇಜಿನ ಪ್ರೊಫೆಸರ್ ಸಿ.ಆರ್. ನಾರಾಯಣರಾವ್. 1932ರಲ್ಲಿ ಹುಟ್ಟಿದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. 1937ರಲ್ಲಿ ಅವರು ಇಲ್ಲಿನ ಒಂದು ಪುಟಾಣಿ ರಾತ್ರಿಕಪ್ಪೆಯನ್ನು ವರ್ಣಿಸಿ, ಹೊಳೆಯ ಹೆಸರನ್ನೇ ಇಟ್ಟರು: ಕೆಂಪೊಳೆಯೆನ್ಸಿಸ್. ಈ ಕಪ್ಪೆಗಳ ಕುಲ ಪಶ್ಚಿಮಘಟ್ಟ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲ.

ದುರದೃಷ್ಟವೆಂದರೆ ರಾಯರು ಜೋಪಾನ ಮಾಡಿದ್ದ ಮಾದರಿಗಳು ಮುಂದೆ ಕಳೆದೇಹೋದವು. ಮೂಲ ಮಾದರಿ ಇಲ್ಲದಿದ್ದರೆ ಹೊಸದಾಗಿ ಹಿಡಿದ ಕಪ್ಪೆಯನ್ನು ಯಾವುದಕ್ಕೆ ಹೋಲಿಸಿ ನೋಡುವುದು? ಕಾಗದದ ಮೇಲಿನ ವರ್ಣನೆಯೊಂದೇ ಗತಿ. ದಶಕಗಟ್ಟಲೆ ಈ ಕಪ್ಪೆ ಬರಿಯ ಹೆಸರಾಗಿ ಉಳಿಯಿತು. ದೆಹಲಿ ವಿಶ್ವವಿದ್ಯಾಲಯದ ಎಸ್.ಡಿ. ಬಿಜು ಮತ್ತು ಸಂಗಡಿಗರು ಅದನ್ನು ಮತ್ತೆ ಪತ್ತೆಹಚ್ಚಿದ್ದು ಲೋಕಕ್ಕೆ ತಿಳಿದದ್ದು 2011ರಲ್ಲಿ.

ನನಗೆ ಇನ್ನೂ ಸೋಜಿಗ ಹುಟ್ಟಿಸುವುದು ರಾಯರು 1937ರಲ್ಲೇ ಕೆಂಪುಹೊಳೆಯಿಂದ ವರ್ಣಿಸಿದ ಮತ್ತೊಂದು ಕಪ್ಪೆ. ಇಂದು ಅದನ್ನು ಕುಣಿಯುವ ಕಪ್ಪೆಗಳ ಕುಲಕ್ಕೆ ಸೇರಿಸಿದ್ದಾರೆ. ಈ ಕುಲದವು ತೊರೆಯ ಬಂಡೆಗಳ ಮೇಲೆ ಕೂರುತ್ತವೆ. ನೀರಿನ ಮೊರೆತದಲ್ಲಿ ಕೂಗು ಕೇಳಿಸುವುದು ಕಷ್ಟ. ಹಾಗಾಗಿ ಗಂಡು ಕೂಗಿನ ಜೊತೆಗೆ ಹಿಂಗಾಲನ್ನು ಪಕ್ಕಕ್ಕೆ ಚಾಚಿ, ಬೆರಳ ನಡುವಿನ ಜಾಲಪೊರೆಯನ್ನು ಬಾವುಟದಂತೆ ಬಿಡಿಸಿ ತೋರಿಸುತ್ತದೆ. ಹೆಣ್ಣಿಗೆ ಕರೆ, ಎದುರಾಳಿಗೆ ಎಚ್ಚರಿಕೆ, ಎರಡೂ ಅದರಲ್ಲೇ.

ಇವುಗಳ ಸಂತಾನದ ಕೆಲಸ ಸಾಮಾನ್ಯವಾಗಿ ಮಳೆಯ ಅಬ್ಬರ ಇಳಿದ ಮೇಲೆ. ಹೆಣ್ಣು ತೆಳುನೀರಿನ ತಳದಲ್ಲಿ ಹಿಂಗಾಲಿನಿಂದ ಗುಳಿ ತೋಡಿ ಮೊಟ್ಟೆಯಿಡುತ್ತದೆ. ಇದೇ ಕುಲದ ಒಂದು ಪ್ರಭೇದದ ಗೊದಮೊಟ್ಟೆಗಳು ತೊರೆಯ ಮರಳೊಳಗೇ ಹುದುಗಿ ಬೆಳೆಯುವುದನ್ನು 2016ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಎತ್ತಿನಹೊಳೆ ಯೋಜನೆಗೆ ಎತ್ತುವುದು ‘ಸಮುದ್ರಕ್ಕೆ ಸುಮ್ಮನೆ ಹರಿದುಹೋಗುವ ಹೆಚ್ಚುವರಿ ನೀರು’ ಎಂದು ಲೆಕ್ಕ ಹಾಕುವವರು ಮಳೆಗಾಲದ ಪ್ರವಾಹವನ್ನಷ್ಟೇ ಅಳೆಯುತ್ತಾರೆ. ಕಪ್ಪೆಗೆ ಬೇಕಾದದ್ದು ಅದು ಇಳಿದ ಮೇಲೂ ಬಂಡೆಗಳ ಸಂದಿನಲ್ಲಿ ಬತ್ತದೆ ಹರಿಯುವ ಗೇಣುದ್ದದ ನೀರು.