ಪರದೆ ಕೇಳುವ ವಯಸ್ಸು, ಕೌಂಟರ್ ಕೇಳದ ವಯಸ್ಸು

ಮದ್ಯ ತಯಾರಿಸುವ ದೊಡ್ಡ ಕಂಪನಿಗಳ ಜಾಲತಾಣವನ್ನು ಮೊಬೈಲ್‌ನಲ್ಲಿ ತೆರೆದರೆ ಸಾಮಾನ್ಯವಾಗಿ ಬಾಟಲಿಯ ಚಿತ್ರಕ್ಕಿಂತ ಮೊದಲು ಒಂದು ಪ್ರಶ್ನೆ ಎದುರಾಗುತ್ತದೆ: ಮದ್ಯ ಸೇವನೆಗೆ ನಿಮ್ಮ ರಾಜ್ಯದ ಕಾನೂನು ಒಪ್ಪುವ ವಯಸ್ಸು ನಿಮಗಾಗಿದೆಯೇ? ಕೆಲವು ಕಡೆ ‘ಹೌದು’, ‘ಇಲ್ಲ’ ಎಂಬ ಎರಡೇ ಗುಂಡಿಗಳು. ಕೆಲವು ಕಡೆ ಹುಟ್ಟಿದ ದಿನ, ತಿಂಗಳು, ವರ್ಷ ತುಂಬಬೇಕು. ಇನ್ನು ಕೆಲವು ಕಡೆ ರಾಜ್ಯದ ಹೆಸರನ್ನೂ ಆರಿಸಬೇಕು. ತುಂಬಿದ್ದು ನಿಜವೇ ಎಂದು ಪರಿಶೀಲಿಸುವ ಏರ್ಪಾಡು ಇದರ ಹಿಂದೆ ಇಲ್ಲ. ಹದಿನಾಲ್ಕರ ಹುಡುಗ 1990 ಎಂದು ಒತ್ತಿದರೂ ಪುಟ ತೆರೆದುಕೊಳ್ಳುತ್ತದೆ. ಇದನ್ನು ಕಂಡ ತಂದೆತಾಯಿಯರಿಗೆ ಸಿಟ್ಟು ಬರುವುದು ಸಹಜ. ಆಧಾರ್ ಕೇಳಲಿ, ಮುಖ ಸ್ಕ್ಯಾನ್ ಮಾಡಲಿ, ಆಮೇಲೆ ಒಳಗೆ ಬಿಡಲಿ ಎಂಬ ಮಾತು ಇದರಿಂದಲೇ ಹುಟ್ಟುತ್ತದೆ. ಆ ಕಾಳಜಿಯನ್ನು ನಾನು ಪೂರ್ತಿ ಒಪ್ಪುತ್ತೇನೆ, ಪರಿಹಾರವನ್ನು ಒಪ್ಪುವುದಿಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್‌ನಂಥ ಊರುಗಳಲ್ಲಿ ಮಕ್ಕಳ ಕೈಗೆ ಮದ್ಯ ಸಿಗುವ ದಾರಿ ಆ ಪರದೆಯ ಮೂಲಕ ಹಾದುಹೋಗುವುದಿಲ್ಲ. ವಯಸ್ಸನ್ನು ಕಟ್ಟುನಿಟ್ಟಾಗಿ ಕೇಳಬೇಕಾದದ್ದು ದುಡ್ಡು ಕೊಟ್ಟು ಬಾಟಲಿ ಪಡೆಯುವ ಕೌಂಟರ್‌ನಲ್ಲಿ.

ಈ ಪ್ರಶ್ನೆ ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡೋಣ. ಅಮೆರಿಕದಲ್ಲಿ 1998ರಲ್ಲಿ ಮಕ್ಕಳ ಆನ್‌ಲೈನ್ ಮಾಹಿತಿ ರಕ್ಷಣೆಗೆ ಕಾನೂನು ಬಂದಾಗ, 13 ವರ್ಷದೊಳಗಿನವರ ಮಾಹಿತಿಯನ್ನು ಪೋಷಕರ ಒಪ್ಪಿಗೆಯಿಲ್ಲದೆ ಸಂಗ್ರಹಿಸಬಾರದೆಂಬ ಕಾರಣಕ್ಕೆ ಜಾಲತಾಣಗಳು ಹುಟ್ಟಿದ ದಿನಾಂಕ ಕೇಳುವ ರೂಢಿ ಹರಡಿತು. ಮದ್ಯದ ಉದ್ಯಮ ಈ ಬಗೆಯ ಪ್ರಶ್ನೆಯನ್ನು ಸ್ವಯಂ ನಿಯಂತ್ರಣದ ಭಾಗವಾಗಿ ಒಪ್ಪಿಕೊಂಡಿತು. 2014ರಲ್ಲಿ ಜಗತ್ತಿನ ದೊಡ್ಡ ಮದ್ಯ ಕಂಪನಿಗಳು ಡಿಜಿಟಲ್ ಪ್ರಚಾರಕ್ಕೆಂದು ಒಟ್ಟಾಗಿ ಹಾಕಿಕೊಂಡ ಸೂತ್ರಗಳಲ್ಲಿ ಇದೂ ಸೇರಿತು. ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯಿರುವ ಯುನೈಟೆಡ್ ಸ್ಪಿರಿಟ್ಸ್ ಮತ್ತು ಯುನೈಟೆಡ್ ಬ್ರೂವರೀಸ್ ಇಂದು ಕ್ರಮವಾಗಿ ಡಿಯಾಜಿಯೊ ಮತ್ತು ಹೈನಕೆನ್ ಹಿಡಿತದಲ್ಲಿವೆ. ಹೀಗಾಗಿ ಆ ಅಂತರರಾಷ್ಟ್ರೀಯ ರೂಢಿ ನಮ್ಮ ಮೊಬೈಲ್‌ಗೂ ಬಂದಿದೆ. ಪ್ರಶ್ನೆ ಕೇಳುವ ರೀತಿಯಲ್ಲೂ ವ್ಯತ್ಯಾಸವಿದೆ. ‘ನಿಮಗೆ 21 ಆಗಿದೆಯೇ?’ ಎಂದರೆ ಸರಿಯುತ್ತರ ಯಾವುದೆಂದು ಪ್ರಶ್ನೆಯೇ ಹೇಳಿಕೊಟ್ಟಂತೆ. ಯಾವ ಸುಳಿವನ್ನೂ ಕೊಡದೆ ಹುಟ್ಟಿದ ದಿನಾಂಕ ಕೇಳುವುದು, ಒಮ್ಮೆ ಚಿಕ್ಕ ವಯಸ್ಸು ಹೇಳಿದವರು ಹಿಂದಕ್ಕೆ ಹೋಗಿ ಬೇರೆ ದಿನಾಂಕ ತುಂಬದಂತೆ ತಡೆಯುವುದು ಹೆಚ್ಚು ಪ್ರಾಮಾಣಿಕ ಕ್ರಮ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮಕ್ಕಳ ಕಾನೂನಿನ ಸಂದರ್ಭದಲ್ಲಿ ಕೊಟ್ಟಿರುವ ಸಲಹೆಯೂ ಇದೇ. ನಮ್ಮ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಅಪ್ಪ ಒಮ್ಮೆ ‘ನೆನಪಿಡು’ ಎಂದು ಗುರುತು ಹಾಕಿದ ಮೊಬೈಲನ್ನೇ ಸಂಜೆ ಮಗಳು ಹೋಂವರ್ಕ್‌ಗೆ ಹಿಡಿಯುತ್ತಾಳೆ. ಆ ಮೊಬೈಲ್ ಮತ್ತೆ ಅವಳ ವಯಸ್ಸು ಕೇಳುವುದಿಲ್ಲ.

ಭಾರತದಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರವೂ ಇಲ್ಲ. ಮದ್ಯ ರಾಜ್ಯಗಳ ವಿಷಯ. ಗೋವಾದಲ್ಲಿ 18, ತೆಲಂಗಾಣದಲ್ಲಿ 21, ಕೇರಳದಲ್ಲಿ 23, ಮಹಾರಾಷ್ಟ್ರದಲ್ಲಿ ಗಡಸು ಮದ್ಯಕ್ಕೆ 25. ಹತ್ತೊಂಬತ್ತರ ತರುಣನೊಬ್ಬ ಪಣಜಿಯಲ್ಲಿ ಕಾನೂನಿನ ಪ್ರಕಾರ ಮದ್ಯ ಕೊಳ್ಳಬಹುದು, ಬಾಗಲಕೋಟೆಯಲ್ಲಿ ಕೊಳ್ಳುವಂತಿಲ್ಲ, ಸೊಲ್ಲಾಪುರದಲ್ಲಿ ಗಡಸು ಮದ್ಯಕ್ಕೆ ಇನ್ನೂ ಆರು ವರ್ಷ ಕಾಯಬೇಕು. ನಮ್ಮ ರಾಜ್ಯದೊಳಗೇ ಎರಡು ಸಂಖ್ಯೆಗಳಿವೆ: 1965ರ ಕರ್ನಾಟಕ ಅಬಕಾರಿ ಕಾಯ್ದೆ 18ರ ಮಾತಾಡಿದರೆ, 1967ರ ಸನ್ನದು ಷರತ್ತುಗಳ ನಿಯಮ 21 ವರ್ಷದೊಳಗಿನವರಿಗೆ ಮಾರಬಾರದು ಎನ್ನುತ್ತದೆ. 2023ರ ಜನವರಿಯಲ್ಲಿ ನಿಯಮದ ವಯಸ್ಸನ್ನೂ 18ಕ್ಕೆ ಇಳಿಸುವ ಕರಡು ಅಧಿಸೂಚನೆ ಹೊರಬಂತು. ಜನರಿಂದ ಆಕ್ಷೇಪ ಬಂದದ್ದೇ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ಆಗ ಜನ ದನಿಯೆತ್ತಿದ್ದು ಒಳ್ಳೆಯದೇ ಆಯಿತು. ಆದರೆ ಕಾಗದದ ಮೇಲೆ 21 ಉಳಿಸಿಕೊಳ್ಳಲು ತೋರಿದ ಹಟದಲ್ಲಿ ಅರ್ಧವನ್ನೂ ಅದನ್ನು ಅಂಗಡಿಯಲ್ಲಿ ಪಾಲಿಸುವಂತೆ ಮಾಡಲು ನಾವು ತೋರಲಿಲ್ಲ.

ಕರ್ನಾಟಕದಲ್ಲಿ ಜಾಲತಾಣ ಮದ್ಯವನ್ನು ಮನೆಗೆ ತಲುಪಿಸುವುದಿಲ್ಲ ಎಂಬುದನ್ನು ಮರೆಯಬಾರದು. ಆ್ಯಪ್ ಮೂಲಕ ಮದ್ಯ ತಲುಪಿಸಲು ಮುಂದಾಗಿದ್ದ ಹಿಪ್‌ಬಾರ್ ಸಂಸ್ಥೆಯ ಪ್ರಕರಣದಲ್ಲಿ ರಾಜ್ಯ ಹೈಕೋರ್ಟ್, ಈಗಿರುವ ಅಬಕಾರಿ ಕಾನೂನಿನಲ್ಲಿ ಆನ್‌ಲೈನ್ ಮಾರಾಟಕ್ಕೆ ಅವಕಾಶವಿಲ್ಲ ಎಂದು 2020ರಲ್ಲಿ ಹೇಳಿತು. ಮದ್ಯ ಹೋಗುವುದು ರಾಜ್ಯ ಪಾನೀಯ ನಿಗಮದ ಡಿಪೋದಿಂದ ಸನ್ನದು ಪಡೆದ ಮಳಿಗೆಗೆ: ಸಿಎಲ್-2 ವೈನ್ ಶಾಪ್, ಸಿಎಲ್-9 ಬಾರ್ ಆ್ಯಂಡ್ ರೆಸ್ಟೋರೆಂಟ್, ಸರ್ಕಾರದ್ದೇ ಆದ ಎಂಎಸ್‌ಐಎಲ್ ಅಂಗಡಿ. ಅಲ್ಲಿಂದ ಗಿರಾಕಿಯ ಕೈಗೆ. ಕೊನೆಯ ಈ ಹಂತದಲ್ಲಿ ವಯಸ್ಸು ನೋಡುವ ಹೊಣೆಯನ್ನು ಕಾನೂನು ಮಾರುವವನ ಮೇಲೆ ಹೊರಿಸಿದೆ. ಅಬಕಾರಿ ನಿಯಮವಷ್ಟೇ ಅಲ್ಲ, 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಂ ಪ್ರಕಾರ ವೈದ್ಯರ ಸಲಹೆಯಿಲ್ಲದೆ 18 ವರ್ಷದೊಳಗಿನವರಿಗೆ ಮದ್ಯ ಕೊಟ್ಟವರಿಗೆ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಇಷ್ಟು ಗಟ್ಟಿ ಕಾನೂನಿದ್ದರೂ, ಮೀಸೆ ಚಿಗುರುತ್ತಿರುವ ಗಿರಾಕಿಗೆ ಗುರುತಿನ ಚೀಟಿ ತೋರಿಸು ಎನ್ನುವ ರೂಢಿ ನಮ್ಮ ಮಳಿಗೆಗಳಲ್ಲಿ ಬೇರೂರಿಲ್ಲ. ಸನ್ನದಿಲ್ಲದ ಮಾರಾಟದ ಕಥೆ ಇನ್ನೂ ಕೆಟ್ಟದ್ದು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಆ ಬಳಿಕ ಕಡಿಮೆ ಬೆಲೆಯ ಮದ್ಯದ ಪ್ಯಾಕೆಟ್‌ಗಳು ಹಳ್ಳಿಯ ಕಿರಾಣಿ ಅಂಗಡಿ, ಗೂಡಂಗಡಿಗಳನ್ನು ಹೊಕ್ಕವು. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡೇ ಬಂದ ಸಾವಿರಾರು ಹೆಣ್ಣುಮಕ್ಕಳ ಅಳಲಿನಲ್ಲಿ ಇದೂ ಇತ್ತು. ಬಿಸ್ಕತ್ತಿನ ಡಬ್ಬಿಯ ಹಿಂದೆ ಪ್ಯಾಕೆಟ್ ಇಟ್ಟುಕೊಂಡವನು ಯಾರ ವಯಸ್ಸನ್ನೂ ಕೇಳುವುದಿಲ್ಲ.

ಎರಡೂ ಕಡೆ ಬಿಗಿ ಮಾಡಿದರೆ ನಷ್ಟವೇನು ಎಂದು ಕೇಳಬಹುದು. ಜಾಲತಾಣಕ್ಕೂ ಆಧಾರ್ ಬೇಕೆಂದರೆ ನಷ್ಟ ದೊಡ್ಡವರಿಗೆ, ಲಾಭ ಮಕ್ಕಳಿಗಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್‌ನ 9 ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಸಾರಿದ್ದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ಪ್ರಶ್ನಿಸಿ ಹೂಡಿದ್ದ ಮೊಕದ್ದಮೆಯಲ್ಲಿ. ಮರುವರ್ಷ ಅದೇ ಪ್ರಕರಣದ ಮುಂದುವರಿಕೆಯಲ್ಲಿ, ಖಾಸಗಿ ಕಂಪನಿಗಳು ಮನಬಂದಂತೆ ಆಧಾರ್ ಕೇಳುವ ದಾರಿಯನ್ನು ಕೋರ್ಟ್ ಮುಚ್ಚಿತು. ಇದು ದಿಲ್ಲಿಯ ವಕೀಲರ ತಕರಾರಷ್ಟೇ ಅಲ್ಲ. ಎಲ್ಲರಿಗೂ ಎಲ್ಲರೂ ಗೊತ್ತಿರುವ ಹುನಗುಂದದಂಥ ಊರಿನಲ್ಲಿ, ಯಾರು ಯಾವ ದಿನ ಮದ್ಯದ ಪುಟ ನೋಡಿದರು ಎಂಬುದು ಹೆಸರು, ಫೋಟೊ ಸಮೇತ ಎಲ್ಲೋ ಒಂದು ಕಂಪ್ಯೂಟರಿನಲ್ಲಿ ಕೂತಿದೆ ಎಂದರೆ ಅದು ಸಣ್ಣ ಮಾತಲ್ಲ. ಕೂಡಿಟ್ಟ ಮಾಹಿತಿ ಸೋರುವುದೂ ಹೊಸದಲ್ಲ. ಡಿಸ್ಕಾರ್ಡ್ ಎಂಬ ಹರಟೆ ತಾಣಕ್ಕಾಗಿ ಕೆಲಸ ಮಾಡುತ್ತಿದ್ದ ಹೊರಗುತ್ತಿಗೆ ಸಂಸ್ಥೆಯೊಂದರ ಮೂಲಕ, ವಯಸ್ಸಿನ ಪುರಾವೆಗೆಂದು ಕೊಟ್ಟಿದ್ದ ಗುರುತಿನ ಚೀಟಿಗಳ ಚಿತ್ರಗಳು ಸೋರಿದ್ದು 2025ರಲ್ಲಿ ಬಯಲಾಯಿತು. ತೊಂದರೆಗೊಳಗಾದವರು ಸುಮಾರು 70,000 ಮಂದಿ ಎಂದು ಕಂಪನಿಯೇ ಹೇಳಿತು. ಹುಟ್ಟಿದ ದಿನಾಂಕವನ್ನೂ ಹೆಸರನ್ನೂ ಬಿಟ್ಟುಕೊಡದೆ, ವಯಸ್ಸು ಆಗಿದೆ ಎಂಬುದನ್ನಷ್ಟೇ ದೃಢಪಡಿಸುವ ತಂತ್ರಜ್ಞಾನವನ್ನು ಯುರೋಪಿಯನ್ ಒಕ್ಕೂಟ 2025ರಿಂದ ಪ್ರಯೋಗಿಸುತ್ತಿದೆ. ಅದು ಪಳಗಿದರೆ ನನ್ನ ಈ ಆಕ್ಷೇಪದ ಕಾವು ಬಹಳಷ್ಟು ಇಳಿಯುತ್ತದೆ. ಆಗಲೂ ಬಾಟಲಿಯೇ ಸಿಗದ ಪುಟಕ್ಕೆ ಅಷ್ಟು ಕಾವಲು ಬೇಕೇ ಎಂಬ ಪ್ರಶ್ನೆ ಉಳಿಯುತ್ತದೆ.

ನನ್ನ ವಾದಕ್ಕೆ ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ ಇದೆ. ಬಾಟಲಿ ಸಿಗದಿದ್ದರೇನು, ಆಸೆ ಹುಟ್ಟುವುದು ಚಿತ್ರದಿಂದಲ್ಲವೇ? ನಿಜ. ಅದಕ್ಕೇ ಕೇಬಲ್ ಟಿವಿ ನಿಯಮಗಳು ಮದ್ಯದ ಜಾಹೀರಾತನ್ನು ನಿಷೇಧಿಸಿವೆ. ಆದರೆ ಕಂಪನಿಯ ಜಾಲತಾಣವನ್ನು ಹುಡುಕಿಕೊಂಡು ಹೋಗುವವನು ಆಗಲೇ ಆ ಹೆಸರು ಬಲ್ಲವನು. ಹೆಸರು ಅವನ ಕಿವಿಗೆ ಬಿದ್ದದ್ದು ಸೋಡಾ, ನೀರಿನ ಬಾಟಲಿ, ಸಂಗೀತದ ಸಿ.ಡಿ. ಎಂಬ ನೆಪದ ಜಾಹೀರಾತಿನಿಂದ, ಕ್ರಿಕೆಟ್ ಪಂದ್ಯದ ನಡುವೆ, ರೀಲ್ಸ್‌ನಲ್ಲಿ, ಸಿನಿಮಾ ಹಾಡಿನಲ್ಲಿ. ಅಲ್ಲೆಲ್ಲ ಹುಟ್ಟಿದ ವರ್ಷ ಕೇಳುವ ಪರದೆ ಅಡ್ಡ ಬರುವುದಿಲ್ಲ. ಇಂಥ ಬದಲಿ ಜಾಹೀರಾತುಗಳನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿ ನಿಷೇಧಿಸಿದೆ. ಅದನ್ನು ಜಾರಿ ಮಾಡುವುದು ಪುಟದ ಬಾಗಿಲಿಗೆ ಬೀಗ ಹಾಕುವುದಕ್ಕಿಂತ ನೂರುಪಾಲು ಉಪಯುಕ್ತ. 2023ರ ಸೆಪ್ಟೆಂಬರ್‌ನಲ್ಲಿ ಎಕ್ಸ್ (ಹಿಂದಿನ ಟ್ವಿಟರ್) ಕಂಪನಿಯ ಮೇಲ್ಮನವಿಯ ವಿಚಾರಣೆ ವೇಳೆ ನಮ್ಮ ಹೈಕೋರ್ಟಿನ ಪೀಠ, ಮದ್ಯಕ್ಕೆ ಅಬಕಾರಿ ನಿಯಮದಲ್ಲಿ ವಯಸ್ಸಿನ ಮಿತಿಯಿರುವಂತೆ ಸಾಮಾಜಿಕ ಜಾಲತಾಣಕ್ಕೂ ಇರಬಾರದೇಕೆ ಎಂದು ಮೌಖಿಕವಾಗಿ ಕೇಳಿತ್ತು. ಆ ಹೋಲಿಕೆ ನನ್ನನ್ನು ಯೋಚನೆಗೆ ಹಚ್ಚಿತು. ಮದ್ಯದ ಮಿತಿಯನ್ನೇ ನಾವು ಪಾಲಿಸಿ ತೋರಿಸದೆ ಅದನ್ನು ಮಾದರಿಯಾಗಿ ಇಟ್ಟುಕೊಳ್ಳುವುದು ಹೇಗೆ?

ಹಾಗೆಂದು ಪರದೆಯ ಪ್ರಶ್ನೆಯನ್ನು ಕಿತ್ತುಹಾಕಬೇಕೆಂದು ನಾನು ಹೇಳುತ್ತಿಲ್ಲ. ಆಕಸ್ಮಿಕವಾಗಿ ಬಂದ ಮಗುವನ್ನು ಅದು ತಡೆದು ನಿಲ್ಲಿಸುತ್ತದೆ, ಇದು ದೊಡ್ಡವರ ವಿಷಯ ಎಂದು ಹೇಳುತ್ತದೆ. ಅಷ್ಟು ಕೆಲಸಕ್ಕೆ ಅದು ಸಾಕು. ಅದು ಸಾಮಾನ್ಯವಾಗಿ ಇಂಗ್ಲಿಷ್‌ನಲ್ಲೇ ಇರುತ್ತದೆ. ಕರ್ನಾಟಕ ಎಂದು ಆರಿಸಿದವರಿಗೆ ಕನ್ನಡದಲ್ಲಿ, 21 ಎಂಬ ಸಂಖ್ಯೆಯೊಂದಿಗೆ, ಅಪ್ರಾಪ್ತರಿಗೆ ಮದ್ಯ ಕೊಟ್ಟರೆ ಏನು ಶಿಕ್ಷೆ ಎಂಬ ಒಂದು ಸಾಲಿನೊಂದಿಗೆ ಬರಲಿ. ಮನೆಮಂದಿಯೆಲ್ಲ ಬಳಸುವ ಮೊಬೈಲ್‌ನಲ್ಲಿ ‘ನೆನಪಿಡು’ ಎಂಬ ಆಯ್ಕೆಯೇ ಬೇಡ.

ಕೌಂಟರ್‌ನಲ್ಲಿ ಕೇಳುವುದು ಆಗದ ಮಾತು, ಸಂಜೆಯ ನೂಕುನುಗ್ಗಲಿನಲ್ಲಿ ಯಾರು ಚೀಟಿ ನೋಡುತ್ತಾ ಕೂರುತ್ತಾರೆ ಎಂಬ ವಾದವನ್ನು ನಾನು ಒಪ್ಪಲಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಾಗಲಕೋಟೆಯಿಂದ ಬಾದಾಮಿಗೆ ಓಡುವ ವಾಯವ್ಯ ಸಾರಿಗೆಯ ಬಸ್ಸಿನಲ್ಲಿ, ಬನಶಂಕರಿ ಜಾತ್ರೆಯ ದಟ್ಟಣೆಯಲ್ಲೂ, ಉಚಿತ ಟಿಕೆಟ್ ಕೇಳುವ ಹೆಣ್ಣುಮಗಳು ಗುರುತಿನ ಚೀಟಿ ತೋರಿಸಬೇಕು. ಅಜ್ಜಿಯೂ ತೋರಿಸುತ್ತಾಳೆ, ಕಂಡಕ್ಟರ್ ನಿಂತುಕೊಂಡೇ ನೋಡುತ್ತಾರೆ. ಸೊನ್ನೆ ರೂಪಾಯಿಯ ಟಿಕೆಟ್‌ಗೆ ಇಷ್ಟು ಸಾಧ್ಯವಾದರೆ, ಒಂದೇ ಕಡೆ ನಿಂತು ಲಾಭಕ್ಕೆ ಮಾರುವ ಸನ್ನದುದಾರರಿಗೆ ಯಾಕೆ ಸಾಧ್ಯವಿಲ್ಲ? ಇಲ್ಲಿ ಚೀಟಿಯ ನಕಲು ತೆಗೆದಿಡುವ ಅಗತ್ಯವೂ ಇಲ್ಲ. ಕಣ್ಣಿಂದ ನೋಡಿ ವಾಪಸು ಕೊಟ್ಟರೆ ಯಾವ ದಾಖಲೆಯೂ ಉಳಿಯುವುದಿಲ್ಲ, ಯಾರ ಖಾಸಗಿತನಕ್ಕೂ ಧಕ್ಕೆಯಿಲ್ಲ. ಇಪ್ಪತ್ತೈದು ದಾಟಿದಂತೆ ಕಾಣದ ಪ್ರತಿಯೊಬ್ಬರನ್ನೂ ಕೇಳಬೇಕೆಂಬ ಸರಳ ನಿಯಮ ಮಾಡಿ, ಮೊದಲು ಎಂಎಸ್‌ಐಎಲ್ ಮಳಿಗೆಗಳಲ್ಲೇ ಜಾರಿಗೆ ತರಬಹುದು. 2025-26ನೇ ಸಾಲಿಗೆ ಅಬಕಾರಿಯಿಂದ 40,000 ಕೋಟಿ ರೂಪಾಯಿ ಆದಾಯದ ಗುರಿ ಹಾಕಿಕೊಂಡ ಸರ್ಕಾರಕ್ಕೆ ತಪಾಸಣೆಗೆ ಸಿಬ್ಬಂದಿಯಿಲ್ಲ, ಹಣವಿಲ್ಲ ಎನ್ನುವ ಬಾಯಿ ಇರಬಾರದು.

ಎದುರಾಎದುರು ಕೇಳುವ ಮಾತಿಗೆ ಎಷ್ಟು ಬಲವಿದೆ ಎಂಬುದನ್ನು ಬಾಗಲಕೋಟೆ ಜಿಲ್ಲೆಗೆ ಹೊರಗಿನವರು ಬಂದು ಹೇಳಬೇಕಿಲ್ಲ. ಚಿತ್ತರಗಿ-ಇಳಕಲ್ ಸಂಸ್ಥಾನ ಮಠದ ಡಾ. ಮಹಾಂತ ಸ್ವಾಮೀಜಿ 1970ರ ದಶಕದಲ್ಲಿ ‘ಮಹಾಂತ ಜೋಳಿಗೆ’ ಹಿಡಿದು ಊರೂರು ತಿರುಗಿದರು. ಅವರು ಬೇಡಿದ್ದು ಕಾಳು, ಕಾಸು ಅಲ್ಲ. ನಿಮ್ಮ ದುಶ್ಚಟಗಳನ್ನು ಈ ಜೋಳಿಗೆಗೆ ಹಾಕಿ ಎಂದು ಬೇಡಿದರು. ಕುಡಿತ ಬಿಡುತ್ತೇನೆ ಎಂದು ಜನ ಅವರ ಮುಂದೆ ನಿಂತು ಮಾತು ಕೊಟ್ಟರು. ಅವರು 2018ರಲ್ಲಿ ಲಿಂಗೈಕ್ಯರಾದ ಬಳಿಕ ಅವರ ಜನ್ಮದಿನ ಆಗಸ್ಟ್ 1 ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಣೆಗೆ ಬಂತು. ಆ ದಿನ ಶಾಲೆಗಳಲ್ಲಿ ಭಾಷಣವಾಗುತ್ತದೆ, ಪ್ರತಿಜ್ಞೆಯಾಗುತ್ತದೆ. ಮಕ್ಕಳಿಂದ ಮಾತ್ರ ಪ್ರತಿಜ್ಞೆ ಮಾಡಿಸಿ ಮಾರುವವರನ್ನು ಬಿಟ್ಟರೆ ಹೇಗೆ? 21ರ ನಿಯಮ ಪಾಲಿಸುತ್ತೇವೆಂದು ತಾಲ್ಲೂಕಿನ ಸನ್ನದುದಾರರಿಂದ ಅಬಕಾರಿ ಅಧಿಕಾರಿಗಳು ಅದೇ ದಿನ ಲಿಖಿತವಾಗಿ ಬರೆಸಿಕೊಳ್ಳಬಹುದು, ವರ್ಷವಿಡೀ ತಪಾಸಣೆ ನಡೆಸಿ ಅದರ ಫಲಿತಾಂಶವನ್ನು ಮುಂದಿನ ಆಗಸ್ಟ್ 1ಕ್ಕೆ ಜನರ ಮುಂದಿಡಬಹುದು.

ನಾಳೆ ಆನ್‌ಲೈನ್ ಮಾರಾಟಕ್ಕೆ ಅವಕಾಶ ಸಿಕ್ಕರೆ ಏನು ಮಾಡುವುದು ಎಂಬುದನ್ನೂ ಈಗಲೇ ಯೋಚಿಸಬೇಕು. 2020ರ ಲಾಕ್‌ಡೌನ್ ಕಾಲದಲ್ಲಿ ಜಾರ್ಖಂಡ್, ಒಡಿಶಾ, ಪಶ್ಚಿಮ ಬಂಗಾಳಗಳಲ್ಲಿ ಆ್ಯಪ್ ಮೂಲಕ ಮನೆಗೆ ಮದ್ಯ ತಲುಪಿಸುವುದು ಶುರುವಾಯಿತು. ಇಲ್ಲೂ ಆ ಒತ್ತಡ ಮತ್ತೆ ಬರಬಹುದು. ಆಗ ಆರ್ಡರ್ ಮಾಡುವಾಗ ಅಪ್ಪನ ಆಧಾರ್ ಹಾಕಿ, ಬಾಗಿಲು ತೆರೆದು ಮಗ ತೆಗೆದುಕೊಂಡರೆ ಪರದೆಯ ಪರಿಶೀಲನೆಗೆ ಬೆಲೆಯಿಲ್ಲ. ಬಾಗಿಲಲ್ಲಿ ನಿಂತವರ ಚೀಟಿ ನೋಡುವ ಹೊಣೆ, ಅನುಮಾನ ಬಂದರೆ ಬಾಟಲಿ ವಾಪಸು ಒಯ್ಯುವ ಅಧಿಕಾರ, ಹಾಗೆ ಒಯ್ದ ಡೆಲಿವರಿ ಹುಡುಗನ ಕೂಲಿ ಕಡಿಯಬಾರದೆಂಬ ಷರತ್ತು, ಈ ಮೂರನ್ನೂ ಸನ್ನದಿನಲ್ಲೇ ಬರೆಯದೆ ಅಂಥ ಮಾರಾಟಕ್ಕೆ ಒಪ್ಪಿಗೆ ಕೊಡಬಾರದು.